ನನ್ನ ತಮ್ಮ ಅಧ್ಯಕ್ಷನಾದ ಬಗೆ

ನನ್ನ ತಮ್ಮ ಆಂಜೆಲ್ಕೊನ ಬಗ್ಗೆ ಒಳ್ಳೆಯ ಮಾತು ಬೇಕಾದವರು ಪುರಸಭೆಗೆ ಹೋಗಲಿ. ಅಲ್ಲಿ ಗೋಡೆಯ ಮೇಲೆ ಅವನ ದೊಡ್ಡ ಫೋಟೊ ಇದೆ, ಕೆಳಗೆ ನಾಲ್ಕು ಸಾಲು ಹೊಗಳಿಕೆಯೂ ಇದೆ. ನನ್ನ ಹತ್ತಿರ ಸಿಗುವುದು ಬೇರೆ. ನಾನು ಯಾಗೊದಾ, ಅವನಿಗಿಂತ ಆರು ವರ್ಷ ದೊಡ್ಡವಳು, ಅವನ ಸಿಂಬಳ ಒರೆಸಿ ಬೆಳೆಸಿದವಳು. ಅವನು ಯಾವಾಗ ಸುಳ್ಳು ಹೇಳುತ್ತಾನೆ ಎಂದು ನನಗೆ ಅವನ ಕಿವಿ ನೋಡಿದರೆ ತಿಳಿಯುತ್ತದೆ. ಕೆಂಪಗಾಗುತ್ತವೆ. ಈಗೀಗ ಅದೂ ನಿಂತುಹೋಗಿದೆ, ಅಷ್ಟು ರೂಢಿಯಾಗಿದೆ ಅವನಿಗೆ.

ನಮ್ಮ ಪೊದ್‌ಲಿಪಾದಲ್ಲಿ ಸೇತುವೆಯ ಈಚೆ ಮುಸ್ಲಿಮರು, ಆಚೆ ನಾವು ಕ್ರೊಯೇಟರು, ಮೇಲಿನ ಕೇರಿಯಲ್ಲಿ ಹತ್ತಿಪ್ಪತ್ತು ಮನೆ ಸರ್ಬರು. ಯುಗೊಸ್ಲಾವಿಯಾ ಇದ್ದ ಕಾಲದಲ್ಲಿ ಮರದ ಕಾರ್ಖಾನೆಯ ಸಮಿತಿಯಿಂದ ಹಿಡಿದು ಫುಟ್‌ಬಾಲ್ ಕ್ಲಬ್ಬಿನವರೆಗೆ ಎಲ್ಲ ಕಡೆ ಮೂರೂ ಕಡೆಯವರು ಇರಲೇಬೇಕಿತ್ತು. ನಮ್ಮ ಪೈಕಿ ಬುದ್ಧಿ ಇದ್ದವರು, ಕೈಯಲ್ಲಿ ಕಸುಬು ಇದ್ದವರು ದುಡಿಯಲು ಜರ್ಮನಿಗೆ ಹೋಗಿದ್ದರು. ಉಳಿದವನು ನನ್ನ ತಮ್ಮ. ಎರಡು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು, ಕಾರ್ಖಾನೆಯ ಗೇಟಿನಲ್ಲಿ ಲಾರಿಗಳ ನಂಬರ್ ಬರೆದುಕೊಳ್ಳುತ್ತಿದ್ದವನನ್ನು ಒಂದು ದಿನ ಕರೆದು, "ನೀನು ಕ್ರೊಯೇಟ್ ತಾನೆ? ಬಾ, ಕೂತ್ಕೊ" ಎಂದು ಸಮಿತಿಯಲ್ಲಿ ಕೂರಿಸಿದರು. ಅಲ್ಲಿಂದ ಅವನು ಎದ್ದೇ ಇಲ್ಲ. ಮನುಷ್ಯನಿಗೆ ಬೇರೆ ಯಾವ ಯೋಗ್ಯತೆಯೂ ಬೇಡ, ಕ್ರೊಯೇಟನಾಗಿ ಹುಟ್ಟಿದ್ದರೆ ಸಾಕು ಎಂಬುದನ್ನು ಆ ಮಧ್ಯಾಹ್ನ ಕಲಿತ. ಕಲಿತದ್ದು ಅದೊಂದೇ.

ಆಗ ಅವನು ಕಮ್ಯುನಿಸ್ಟ್. ಎಂಥ ಕಮ್ಯುನಿಸ್ಟ್ ಎಂದರೆ, ನಮ್ಮ ಅಮ್ಮ ಸತ್ತಾಗ ಚರ್ಚಿನ ಒಳಗೆ ಕಾಲಿಡಲಿಲ್ಲ. ಪಕ್ಷದವರು ನೋಡಿಬಿಟ್ಟರೆ? ಹೊರಗೆ ಗೇಟಿನ ಹತ್ತಿರ ನಿಂತು ಸಿಗರೇಟು ಸೇದುತ್ತಿದ್ದ. ಅಮ್ಮನ ಶವಪೆಟ್ಟಿಗೆಗೆ ಒಂದು ಹೆಗಲು ಕಡಿಮೆ ಬಿತ್ತು. ಹೆಗಲು ಕೊಟ್ಟವನು ನನ್ನ ಗಂಡ ಮುಹರೆಮ್. ಮುಸ್ಲಿಮನಾದವನು ಶಿಲುಬೆ ಇದ್ದ ಪೆಟ್ಟಿಗೆಯನ್ನು ಹೊತ್ತು ಗುಡ್ಡ ಹತ್ತಿದ.

ಮುಹರೆಮ್ ಊರ ಬಸ್ಸಿನ ಡ್ರೈವರ್. ಮಾತು ಕಡಿಮೆ, ನಗು ಜಾಸ್ತಿ. ನಾನು ಅವನನ್ನು ಮದುವೆಯಾಗಿ ಈಚೆಗೆ ಬಂದಾಗ ಸೇತುವೆಯ ಎರಡೂ ಕಡೆಯವರು ನಾಲ್ಕು ದಿನ ಗೊಣಗಿ ಸುಮ್ಮನಾದರು. ಆ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವನು ಆಂಜೆಲ್ಕೊ. ಭಾನುವಾರ ಖಾಲಿ ಬಸ್ಸಿನಲ್ಲಿ ಕೂರಿಸಿಕೊಂಡು ಅವನಿಗೆ ಗಾಡಿ ಓಡಿಸುವುದನ್ನು ಕಲಿಸಿದ್ದೂ ಮುಹರೆಮನೇ. "ಭಾವ, ಭಾವ" ಎಂದು ಹಿಂದೆ ಹಿಂದೆ ಸುತ್ತುತ್ತಿದ್ದ ಆ ಲಫಂಗ.

ತೊಂಬತ್ತರಲ್ಲಿ ಗಾಳಿ ಬೀಸುವ ದಿಕ್ಕು ಬದಲಾಯಿತು. ಗೇಟಿನ ಹೊರಗೆ ನಿಲ್ಲುತ್ತಿದ್ದವನು ಚರ್ಚಿನ ಮೊದಲ ಬೆಂಚಿಗೆ ಬಂದ. ಕೊರಳಲ್ಲಿ ಹೆಬ್ಬೆರಳು ಗಾತ್ರದ ಶಿಲುಬೆ. ಪಾದ್ರಿಗಿಂತ ಮೊದಲೇ ಆಮೆನ್ ಎನ್ನುತ್ತಿದ್ದ. ನಮ್ಮವರ ಹೊಸ ಪಕ್ಷಕ್ಕೆ ಸಭೆ ನಡೆಸಲು ಬರುವ ಒಬ್ಬ ಬೇಕಿತ್ತು. ಸಭೆ ನಡೆಸುವುದನ್ನು ಕಮ್ಯುನಿಸ್ಟರು ಇವನಿಗೆ ಹದಿನೈದು ವರ್ಷ ಕಲಿಸಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಈ ಕಡೆಯಿಂದ ಆ ಕಡೆಗೆ ಜಾರಿಕೊಂಡ.

"ಏನೋ, ಅಮ್ಮ ಸತ್ತಾಗ ಇಲ್ಲದ ದೇವರು ಈಗ ಎಲ್ಲಿಂದ ಬಂದ?" ಎಂದು ಕೇಳಿದ್ದೆ.

"ಅಕ್ಕಾ, ಕಾಲ ಬೇರೆ ಕಣೇ. ನಿಂಗೆ ರಾಜಕೀಯ ಅರ್ಥ ಆಗಲ್ಲ, ಬಿಡು."

ತೊಂಬತ್ತಮೂರರ ಬೇಸಿಗೆಯಲ್ಲಿ ನನಗೂ ಅರ್ಥವಾಯಿತು. ಸೇತುವೆಯ ಆಚೆಯಿಂದ ನಮ್ಮವರೇ ಬಂದೂಕು ಹಿಡಿದು ಬಂದರು. ಈಚೆಯ ಗಂಡಸರನ್ನು ಬೀದಿಗೆ ಎಳೆದು, ಟೈರ್ ಗೋದಾಮಿನೊಳಗೆ ತುಂಬಿದರು. ಮುಹರೆಮ್ ಮನೆಯಲ್ಲಿ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ. ಚಪ್ಪಲಿ ಹಾಕಿಕೊಳ್ಳಲೂ ಬಿಡಲಿಲ್ಲ. ಪಕ್ಕದ ಮನೆಯ ಹಸ್ನಿಯಾಳ ಮಗ ಸೆನಾದನನ್ನೂ ಒಯ್ದರು. ಅವನಿಗೆ ಆಗತಾನೆ ಇಪ್ಪತ್ತೆರಡು.

ಆಗ ನನ್ನ ತಮ್ಮ ಊರಿನ ಯಜಮಾನ. ಯಾರಿಗೆ ಬ್ರೆಡ್ಡು, ಯಾರಿಗೆ ಊರು ಬಿಡಲು ದಾರಿ, ಎಲ್ಲಕ್ಕೂ ಅವನ ಸಹಿ ಬೇಕು. ನಾನು ಅವನ ಕಚೇರಿಗೆ ಮೂರು ದಿನ ಹೋದೆ. ಎರಡು ದಿನ ಹೊರಗೆ ಕೂರಿಸಿದ. ಮೂರನೆಯ ದಿನ ಒಳಗೆ ಕರೆದ. ತಲೆ ಎತ್ತಲಿಲ್ಲ.

"ಅಕ್ಕಾ, ಅದೆಲ್ಲ ಸೈನ್ಯದವರ ಕೆಲಸ. ನನ್ನ ಕೈಲಿ ಏನಿದೆ ಹೇಳು?"

"ಒಂದು ಚೀಟಿ ಬರ್ದು ಕೊಡೋ. ನಿನ್ನ ಭಾವ ಕಣೋ ಅವ್ನು. ಅಮ್ಮನ ಪೆಟ್ಟಿಗೆ ಹೊತ್ತವ್ನು."

"ಜೋರಾಗಿ ಮಾತಾಡ್ಬೇಡ, ಗೋಡೆಗೂ ಕಿವಿ ಇರ್ತವೆ. ನೋಡ್ತೀನಿ, ವಿಚಾರಿಸ್ತೀನಿ. ನೀನು ಈಗ ಮನೆಗ್ಹೋಗು."

ಹೋಗುವಾಗ ಒಂದು ಚೀಲ ಹಿಟ್ಟು, ಎರಡು ಬಾಟಲಿ ಎಣ್ಣೆ ಕೊಡಿಸಿದ. ನಾನು ಹೊತ್ತುಕೊಂಡು ಬಂದೆ. ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಮುಖಕ್ಕೆ ಎರಚಿ ಬರಬೇಕಿತ್ತು. ಆದರೆ ಮುಹರೆಮ್ ಹಸಿದು ಬರುತ್ತಾನೆ, ಅವನಿಗೆ ಹೂರಣ ತುಂಬಿ ಸುತ್ತಿದ ಪಿಟಾ ಬೇಯಿಸಬೇಕು ಎಂದು ಅಂದುಕೊಂಡಿದ್ದೆ. ಗೋದಾಮಿನಿಂದ ಎಷ್ಟೋ ಜನ ಬಂದರು. ಏಳು ಜನ ಬರಲಿಲ್ಲ. ಮುಹರೆಮ್ ಬರಲಿಲ್ಲ, ಸೆನಾದ್ ಬರಲಿಲ್ಲ.

ಯುದ್ಧ ಮುಗಿದ ಮೇಲೆ ಆಚೆಯ ಕೆಲವರು ನನ್ನನ್ನು ಅಲ್ಲಿಗೇ ಬಂದುಬಿಡು ಎಂದು ಕರೆದರು. ನಾನು ಹೋಗಲಿಲ್ಲ. ಗಂಡನ ಮನೆಯಲ್ಲೇ, ಹಸ್ನಿಯಾಳ ಗೋಡೆಗೆ ಗೋಡೆ ಹಚ್ಚಿಕೊಂಡು ಉಳಿದೆ. ನಾವಿಬ್ಬರೂ ಸೇರಿ ಹುಡುಕಿದ್ದೇ ಹುಡುಕಿದ್ದು. ಕಾಣೆಯಾದವರ ಆಯೋಗದವರು ಎಲ್ಲೇ ಗುಂಡಿ ತೋಡಿದರೂ ಬಸ್ಸು ಹಿಡಿದು ಹೋಗುತ್ತಿದ್ದೆವು. ಬಟ್ಟೆಯ ಚೂರು, ಬೆಲ್ಟಿನ ಬಕಲ್, ಹಲ್ಲು, ಎಲ್ಲವನ್ನೂ ನೋಡುತ್ತಿದ್ದೆವು. ನಮ್ಮವರದಲ್ಲ ಎಂದು ಗೊತ್ತಾದಾಗ ಅಳುವುದೋ ನಿಟ್ಟುಸಿರು ಬಿಡುವುದೋ ತಿಳಿಯುತ್ತಿರಲಿಲ್ಲ. ಹಸ್ನಿಯಾ ಒಂದೇ ಮಾತು ಹೇಳುತ್ತಿದ್ದಳು, "ಒಂದು ಮೂಳೆ ಕೊಟ್ರೆ ಸಾಕು ಕಣೇ, ಮಣ್ಣು ಮಾಡಿ ನಾನೂ ಮಲಕ್ಕೊತೀನಿ."

ಇತ್ತ ನನ್ನ ತಮ್ಮನ ಏಳಿಗೆ ನೋಡಿ. ಹೊಸ ದೇಶ, ಹೊಸ ಕಾನೂನು. ಮತ್ತೆ ಅದೇ ಮೂರು ಕಡೆಯವರ ಮೂರು ಕುರ್ಚಿ, ಮತ್ತೆ ಅದೇ ಪ್ರಶ್ನೆ, "ನೀನು ಕ್ರೊಯೇಟ್ ತಾನೆ? ಬಾ, ಕೂತ್ಕೊ." ಪುರಸಭೆಯ ಸದಸ್ಯನಾದ, ಉಪಾಧ್ಯಕ್ಷನಾದ, ಒಂದೂವರೆ ವರ್ಷ ಪ್ರಾಂತ್ಯದ ಅರಣ್ಯ ಮಂತ್ರಿಯೂ ಆದ. ಆ ಒಂದೂವರೆ ವರ್ಷದಲ್ಲಿ ನಮ್ಮ ಗುಡ್ಡ ಬೋಳಾಯಿತು.

ಅವನ ದೊಡ್ಡ ಸಾಧನೆ ಚರಂಡಿಯದು. ಊರಿಗೆಲ್ಲ ಸೇರಿ ಒಂದು ಚರಂಡಿ ಕೊಳವೆ ಹಾಕಲು ವಿದೇಶದವರು ಮುಂದೆ ಬಂದಿದ್ದರು. ಕೆಲಸ ಸೇತುವೆಯ ಈಚೆಯಿಂದ ಶುರುವಾಗುತ್ತದೆ ಎಂದು ನಕ್ಷೆಯಲ್ಲಿತ್ತು. ನನ್ನ ತಮ್ಮ ಎದ್ದು ನಿಂತು, ಇದು ಕ್ರೊಯೇಟ್ ಜನಾಂಗದ ಜೀವನ್ಮರಣದ ಪ್ರಶ್ನೆ ಎಂದು ತಡೆ ಹಾಕಿಬಿಟ್ಟ. ಹಾಗೆ ತಡೆಯಲು ಕಾನೂನಿನಲ್ಲೇ ಜಾಗವಿದೆ. ನಾಲ್ಕು ವರ್ಷ ಎರಡೂ ದಡದ ಹೇಲು ಒಂದೇ ನದಿಗೆ ಬಿತ್ತು. ವಾಸನೆಗೆ ಮಾತ್ರ ಜನಾಂಗ ಇರಲಿಲ್ಲ. ಆಚೆಯ ಜನ ಮೂಗು ಮುಚ್ಚಿಕೊಂಡು ಅವನಿಗೆ ಚಪ್ಪಾಳೆ ಹೊಡೆದರು.

ಎರಡು ಸಾವಿರದ ಹನ್ನೆರಡರ ಸೆಪ್ಟೆಂಬರಿನಲ್ಲಿ, ಹತ್ತೊಂಬತ್ತು ವರ್ಷಗಳ ನಂತರ, ಅವನು ನನ್ನ ಬಾಗಿಲಿಗೆ ಬಂದ. ಕಾರನ್ನು ಬೀದಿಯ ಕೊನೆಗೆ ನಿಲ್ಲಿಸಿದ್ದ. ಕೈಯಲ್ಲಿ ಒಂದು ಡಬ್ಬ ಚಾಕೊಲೇಟ್.

"ಅಕ್ಕಾ, ಒಳಗೆ ಬರ್ಬಹುದಾ?"

"ಬಾಗಿಲು ತೆಗ್ದಿದೆಯಲ್ಲ. ನಿಂಗೆ ಕಣ್ಣಿಲ್ವಾ?"

ನಮ್ಮಲ್ಲಿ ಮನೆಗೆ ಬಂದವರಿಗೆ ಮೂರು ಕಾಫಿ. ಮೊದಲನೆಯದು ಬಾ ಎನ್ನಲು, ಎರಡನೆಯದು ಮಾತಿಗೆ. ಮೂರನೆಯದು ಬಂತೆಂದರೆ ಎದ್ದು ಹೋಗು ಎಂದರ್ಥ. ಬಾಯಿ ಬಿಟ್ಟು ಯಾರೂ ಏನೂ ಹೇಳಬೇಕಿಲ್ಲ. ಎಂಥ ದಪ್ಪ ಚರ್ಮದವನೂ ಕುಡಿದು ಎದ್ದುಬಿಡುತ್ತಾನೆ. ಶತ್ರುವಿಗೂ ಮೊದಲೆರಡು ಕೊಡದೆ ಇರುವಂತಿಲ್ಲ. ನಾನು ಎರಡನ್ನೂ ಬೇಗಬೇಗ ಕೊಟ್ಟು ಮೂರನೆಯದಕ್ಕೆ ನೀರಿಟ್ಟೆ.

ಅವನಿಗೆ ಪುರಸಭೆಯ ಅಧ್ಯಕ್ಷನಾಗಬೇಕಿತ್ತಂತೆ. ಅಧ್ಯಕ್ಷನನ್ನು ಇಡೀ ಊರು ಆರಿಸುತ್ತದೆ. ಆಚೆಯ ಮತ ಅಷ್ಟೂ ಬಿದ್ದರೂ ಸಾಲದು, ಈಚೆಯದೂ ಸ್ವಲ್ಪ ಬೇಕು.

"ಕೊನೇ ಸಭೆಗೆ ನೀನು ವೇದಿಕೆಗೆ ಬಾ. ನಮ್ಮನೇಲಿ ಯಾರು ಯಾವ ಜಾತಿ ಅಂತ ಯಾವತ್ತೂ ಕೇಳಿಲ್ಲ ಅಂತ ಎರಡು ಮಾತು ಹೇಳು. ನೀನು ಹೇಳಿದ್ರೆ ಈ ಕಡೆಯವ್ರು ನಂಬ್ತಾರೆ."

ನನಗೆ ನಗು ಬಂತು. "ನಿಂಗೆ ತಲೆ ಕೆಟ್ಟಿದೆಯಾ? ನಾನು ಬಾಯಿ ಬಿಟ್ರೆ ಇರೋ ಓಟೂ ಹೋಗುತ್ತೆ." ಎಂದು ಹೇಳಿ, ಕುದಿಯುತ್ತಿದ್ದ ನೀರಿಗೆ ಕಾಫಿ ಪುಡಿ ಹಾಕಲು ಚಮಚ ಎತ್ತಿದೆ.

ಅವನು ಆ ಚಮಚವನ್ನೇ ನೋಡುತ್ತ ಮೆಲ್ಲಗೆ, "ಭಾವ ಎಲ್ಲಿದ್ದಾರೆ ಅಂತ ನಂಗೊತ್ತು" ಎಂದ.

ಕೈ ಅಲ್ಲೇ ನಿಂತಿತು.

"ಎಲ್ಲಿ?"

"ನೀನು ಮೊದ್ಲು ಮಾತು ಕೊಡು."

"ಎಲ್ಲಿ ಹೇಳೋ ಹಾಳಾದವನೇ!"

"ಮೇಲಿನ ದಾರೀಲಿ ಹಳೇ ಸುಣ್ಣದ ಗೂಡಿದೆಯಲ್ಲ, ಅದರ ಹಿಂದೆ. ಏಳು ಜನಾನೂ ಅಲ್ಲೇ. ಆದ್ರೆ ಚುನಾವಣೆ ಮುಗಿಯೋವರ್ಗೂ ನೀನು ಉಸಿರು ಬಿಡಬಾರ್ದು. ಈಗ ಅದು ಹೊರಗೆ ಬಂದ್ರೆ ನನ್ನ ಕತೆ ಮುಗೀತು. ನೀನು ಬಾಯಿ ಬಿಟ್ಟೆ ಅಂದ್ಕೊ, ರಾತ್ರೋರಾತ್ರಿ ಅಲ್ಲಿಂದ ಎತ್ತಿ ಬೇರೆ ಕಡೆ ಹಾಕೋರು ಇದ್ದಾರೆ. ಆಮೇಲೆ ನಂಗೂ ಗೊತ್ತಿರಲ್ಲ."

"ನಿಂಗೆ ಯಾವಾಗ ಗೊತ್ತಾಯ್ತು?"

ಚಾಕೊಲೇಟ್ ಡಬ್ಬವನ್ನು ನನ್ನ ಕಡೆಗೆ ಸರಿಸಿದ.

"ನೀನು ಹಿಟ್ಟು ಕೊಟ್ಟೆಯಲ್ಲ, ಅವತ್ತು ಗೊತ್ತಿತ್ತಾ?"

"ಅಕ್ಕಾ, ಹಳೇದೆಲ್ಲ ಕೆದಕ್ಬೇಡ."

ಆಗ ನಾನು ಮಾಡಬೇಕಾದದ್ದು ಒಂದೇ ಇತ್ತು. ಆ ಪುಡಿ ಹಾಕಿ, ಕುದಿಸಿ, ಮೂರನೆಯ ಕಾಫಿಯನ್ನು ಅವನ ಮುಂದೆ ಕುಕ್ಕಬೇಕಿತ್ತು. ನಾನು ಚಮಚ ಕೆಳಗಿಟ್ಟು ಒಲೆ ಆರಿಸಿದೆ. ಮಾತು ಕೊಡಲಿಲ್ಲ, ಹೂಂ ಎನ್ನಲಿಲ್ಲ. ಆದರೆ ನಮ್ಮಲ್ಲಿ ಹುಟ್ಟಿದವನಿಗೆ ಅಷ್ಟು ಸಾಕು. ಅವನು ಇನ್ನೂ ಒಂದು ಗಂಟೆ ಆರಾಮವಾಗಿ ಕೂತು, ಚಾಕೊಲೇಟ್ ಡಬ್ಬವನ್ನು ಅವನೇ ತೆಗೆದು ಎರಡು ತಿಂದು, ನನ್ನ ಕೆನ್ನೆಗೆ ಮುತ್ತಿಟ್ಟು ಹೋದ.

ಮೂರು ವಾರ ಸುಮ್ಮನಿದ್ದರೆ ಮುಹರೆಮ್ ಸಿಗುತ್ತಾನೆ. ಹತ್ತೊಂಬತ್ತು ವರ್ಷ ಕಾದವಳಿಗೆ ಮೂರು ವಾರ ಯಾವ ಲೆಕ್ಕ ಎಂದು ನನಗೆ ನಾನೇ ಹೇಳಿಕೊಂಡೆ. ಎತ್ತಿ ಬೇರೆ ಕಡೆ ಹಾಕಿಬಿಟ್ಟರೆ ಎಂಬ ಭಯವೂ ಇತ್ತು. ಹಾಗೆ ಮಾಡಿದ್ದನ್ನು ಬೇರೆ ಊರುಗಳಲ್ಲಿ ನಾವು ಕಂಡಿದ್ದೆವು. ಬೆಳಿಗ್ಗೆ ಎದ್ದರೆ ಗೋಡೆಯ ಆಚೆ ಹಸ್ನಿಯಾ ಕೆಮ್ಮುವುದು ಕೇಳುತ್ತಿತ್ತು. ನಾನು ಹಿತ್ತಲಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ಒಂಬತ್ತನೆಯ ದಿನ ಅವಳೇ ಬಂದಳು. ತಲೆವಸ್ತ್ರ ಬಿಗಿದು, ಈಗಲೇ ಹೊರಡುವವಳಂತೆ ನಿಂತಿದ್ದಳು.

"ವ್ರಾನ್ ಗುಡ್ಡದ ಮೇಲಿನ ಗುಹೇಲಿ ಮೂಳೆ ಸಿಕ್ಕಿದೆಯಂತೆ ಕಣೇ. ಆಯೋಗದವರು ನಾಳೆ ಹೋಗ್ತಾರೆ. ಈ ಸಲ ನಮ್ಮವರೇ ಅಂತ ನನ್ನ ಮನಸ್ಸು ಹೇಳ್ತಿದೆ. ಬರ್ತೀಯಾ?"

"ಮಂಡಿ ನೋವು ಕಣೇ" ಎಂದೆ.

"ಸರಿ, ನೀನು ಮನೇಲಿರು. ನಾನು ಇಬ್ಬರದ್ದೂ ನೋಡ್ಕೊಂಡು ಬರ್ತೀನಿ."

ಅವಳಿಗೆ ದಾರಿಗೆಂದು ಆಲೂಗಡ್ಡೆಯ ಪಿಟಾ ಸುತ್ತಿ ಕೊಟ್ಟೆ. ಅದನ್ನೂ ಮಾಡಿದೆ ನಾನು. ಎಪ್ಪತ್ತು ದಾಟಿದ ಹೆಂಗಸು, ಸುರಿಯುವ ಮಳೆಯಲ್ಲಿ, ಜಾರುವ ಕಲ್ಲಿನ ದಾರಿಯಲ್ಲಿ ಆ ಗುಡ್ಡ ಹತ್ತಿ ದಿನವಿಡೀ ಗುಹೆಯ ಬಾಯಿಯಲ್ಲಿ ಕೂತಿದ್ದಳು. ಸಿಕ್ಕದ್ದು ಯಾವುದೋ ಹಸುವಿನ ಮೂಳೆ. ಮರುದಿನ ಬೆಳಿಗ್ಗೆ ಅವಳು ಮೊಣಕಾಲವರೆಗೆ ಮೆತ್ತಿದ ಕೆಸರನ್ನು ಬಾಗಿಲಲ್ಲಿ ಕೂತು ಕೆರೆಯುತ್ತಿದ್ದಳು. ಒಮ್ಮೆಲೇ ಇಪ್ಪತ್ತು ವರ್ಷ ಹೆಚ್ಚು ಮುದುಕಿಯಾದಂತೆ ಕಂಡಳು.

ನಾನು ಆಂಜೆಲ್ಕೊನ ಅಕ್ಕ, ಅವನಂತೆಯೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ ಎಂದು ಆಗ ತಿಳಿಯಿತು. ಹಸ್ನಿಯಾಳ ಮುಖ ನೋಡುವ ಧೈರ್ಯ ಇರಲಿಲ್ಲ. ಅವಳಿಗೆ ಹೇಳದೆ ಮೊದಲ ಬಸ್ಸು ಹಿಡಿದು ನಗರಕ್ಕೆ ಹೋಗಿ ಆಯೋಗದವರ ಮುಂದೆ ಎಲ್ಲವನ್ನೂ ಹೇಳಿದೆ. ತಮ್ಮ ಬಂದದ್ದನ್ನು ಎಣಿಸಿದರೆ ಅದು ಹನ್ನೊಂದನೆಯ ದಿನ.

ಅವರು ಅಂದೇ ಸುಣ್ಣದ ಗೂಡಿಗೆ ಪೊಲೀಸ್ ಕಾವಲು ಹಾಕಿದರು. ಎರಡು ದಿನದಲ್ಲಿ ಅಗೆದರು. ಏಳೂ ಜನ ಅಲ್ಲೇ ಇದ್ದರು.

ಇನ್ನು ನನ್ನ ತಮ್ಮ ಮುಗಿದ ಎಂದುಕೊಂಡೆ. ಎಂಥ ದಡ್ಡಿ ನಾನು! ಮೂರನೆಯ ದಿನ ಅವನು ಕಪ್ಪು ಕೋಟು ಹಾಕಿಕೊಂಡು, ಕೈಯಲ್ಲಿ ಬಿಳಿ ಹೂ ಹಿಡಿದು, ಟಿ.ವಿ.ಯವರ ಜೊತೆ ಗೂಡಿನ ಹತ್ತಿರ ಹಾಜರಾದ. ಕಣ್ಣಲ್ಲಿ ನೀರು ಬೇರೆ.

"ಇಲ್ಲಿ ನನ್ನ ಭಾವ ಇದ್ದಾರೆ. ನಾನೂ ನನ್ನ ಅಕ್ಕನೂ ಬೇಸಿಗೆಯಿಂದ ಈ ಜಾಗ ಹುಡುಕ್ತಾ ಇದ್ವಿ. ಯಾರೋ ಪುಣ್ಯಾತ್ಮರು ಹೆಸರಿಲ್ಲದ ಕಾಗದ ಬರೆದ್ರು. ದುಃಖಕ್ಕೆ ಜಾತಿ ಇಲ್ಲ."

ನಾನು ಪೊಲೀಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬರೆದುಕೊಂಡರು. ಅವನು ಆ ಕಾಗದವನ್ನು ತೋರಿಸಿದ. ನನ್ನ ಮಾತಿಗೆ ಸಾಕ್ಷಿ ಇರಲಿಲ್ಲ. ಆ ಕಡತ ಇನ್ನೂ ಎಲ್ಲೋ ಮಲಗಿದೆ. ಊರಲ್ಲಿ ಸಿಕ್ಕಸಿಕ್ಕವರ ಮುಂದೆ ಹೇಳಿದೆ. ಆಚೆಯವರು, "ಮುಸ್ಲಿಮನ ಹೆಂಡ್ತಿ, ಇನ್ನೇನು ಹೇಳ್ತಾಳೆ" ಎಂದರು. ಈಚೆಯವರಲ್ಲಿ ಕೆಲವರು, "ಪಾಪ, ಅವನಾದ್ರೂ ಹೆಣ ಕೊಡಿಸಿದ, ನಮ್ಮ ಲೀಡರ್‌ಗಳು ಏನು ಕೊಡಿಸಿದ್ರು?" ಎಂದರು. ಚುನಾವಣೆಯಲ್ಲಿ ಅವನಿಗೆ ಸೇತುವೆಯ ಎರಡೂ ಕಡೆ ಮತ ಬಿತ್ತು. ಪೊದ್‌ಲಿಪಾದ ಇತಿಹಾಸದಲ್ಲಿ ಹಾಗೆ ಗೆದ್ದವನು ಅವನೊಬ್ಬನೇ. ಇಂದಿಗೂ ಅದೇ ಕುರ್ಚಿಯಲ್ಲಿದ್ದಾನೆ. ಅವನ ಬೆನ್ನಿಗೆ ಹುಣ್ಣಾಗಲಿ.

ಯಾರಿಗೆ ಏನೆಲ್ಲ ಹೇಳಿದರೂ ಒಂದನ್ನು ಮಾತ್ರ ನಾನು ಹೇಳಿರಲಿಲ್ಲ. ಅವನು ಹೇಳಿದ, ನಾನು ಹೋಗಿ ತಿಳಿಸಿದೆ, ಇಷ್ಟೇ ಹೇಳುತ್ತಿದ್ದೆ. ನಡುವಿನ ಹನ್ನೊಂದು ದಿನ ನುಂಗಿಕೊಳ್ಳುತ್ತಿದ್ದೆ.

ಮೂಳೆಗಳ ಪರೀಕ್ಷೆ ಮುಗಿದು ಆ ಏಳು ಜನ ನಮ್ಮ ಕೈಗೆ ಬರುವಷ್ಟರಲ್ಲಿ ಮುಂದಿನ ಬೇಸಿಗೆ ಬಂತು. ಏಳು ಹಸಿರು ಹೊದಿಕೆಯ ಪೆಟ್ಟಿಗೆಗಳನ್ನು ಒಂದೇ ದಿನ ಮಣ್ಣು ಮಾಡಿದರು. ಆಮೇಲೆ ಹೆಂಗಸರೆಲ್ಲ ಪ್ರಾರ್ಥನೆಗೆ ಹಸ್ನಿಯಾಳ ಮನೆಯಲ್ಲಿ ಸೇರಿದರು. ಅವಳು ನನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಮೂಲೆಯಲ್ಲಿದ್ದ ಇಬ್ಬರು ನನ್ನನ್ನು ನೋಡಿ ಏನೋ ಪಿಸುಗುಟ್ಟಿದರು. ಹಸ್ನಿಯಾ ಅವರತ್ತ ಕಣ್ಣು ಬಿಟ್ಟಳು.

"ಹೋದ ಬೇಸಿಗೆಯಿಂದಲೇ ನಿಂಗೆ ಗೊತ್ತಿತ್ತು ಅಂತಾವೆ ಅವು, ಟಿ.ವಿ.ಲಿ ಆ ನಿನ್ನ ತಮ್ಮನ ಮಾತು ಕೇಳ್ಕೊಂಡು" ಎಂದಳು ನನ್ನ ಕಿವಿಯ ಹತ್ತಿರ. "ನಾನು ಒಬ್ಬೊಬ್ರ ಮನೆಗೂ ಹೋಗಿ ಜಗಳ ಆಡಿ ಬಂದಿದೀನಿ. ಯಾಗೊದಾ ಅಂಥವಳಲ್ಲ, ಗೊತ್ತಾದ ದಿನವೇ ಬಸ್ಸು ಹಿಡಿದ್ಲು ಅಂತ. ನೀನೇ ಅವ್ರಿಗೆ ಹೇಳಿಬಿಡು ಕಣೇ. ನಾನು ವ್ರಾನ್ ಗುಡ್ಡಕ್ಕೆ ಹೋದಾಗ ನಿಂಗೆ ಗೊತ್ತಿರ್ಲಿಲ್ಲ ತಾನೆ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆ ಮೂಲೆಯ ಇಬ್ಬರೂ ಬಾಯಿ ಮುಚ್ಚುತ್ತಿದ್ದರು, ಹಸ್ನಿಯಾ ಸಾಯುವವರೆಗೂ ನನ್ನ ಪಕ್ಕದಲ್ಲಿರುತ್ತಿದ್ದಳು. ನನ್ನ ತಮ್ಮನಾಗಿದ್ದರೆ ಕಣ್ಣು ಮಿಟುಕಿಸದೆ ಇಲ್ಲ ಎನ್ನುತ್ತಿದ್ದ.

"ಗೊತ್ತಿತ್ತು" ಎಂದೆ.

ಹಸ್ನಿಯಾ ನನ್ನ ಕೈ ಹಿಡಿದಿದ್ದಳು. ಅದನ್ನು ನನ್ನ ಮಡಿಲಲ್ಲಿಟ್ಟು, ಎದ್ದು, ಆ ಮೂಲೆಯ ಇಬ್ಬರ ನಡುವೆ ಹೋಗಿ ಕೂತಳು.